ಹನ್ನೆರಡನೆಯ ವಿದೇಶಿ

ಮಾರ್ಚ್ ತಿಂಗಳ ಒಂದು ಬುಧವಾರ, ಬೆಳಿಗ್ಗೆ ಎಂಟೂಕಾಲರ ಸುಮಾರಿಗೆ, ಸೀತಾಬಾಯಿಯವರು ಹನ್ನೆರಡು ಜನ ವಿದೇಶಿಯರನ್ನು ರದ್ದಿಯವನಿಗೆ ಕೊಟ್ಟು ಬದಲಿಗೆ ಒಂದು ಪ್ಲಾಸ್ಟಿಕ್ ಜರಡಿ ತೆಗೆದುಕೊಂಡರು.

ಆ ಹೊತ್ತಿಗೆ ಅವರ ಮಗ ಪ್ರಾಣೇಶ ಬಚ್ಚಲಿನಲ್ಲಿದ್ದ. ಅಂದು ಮಧ್ಯಾಹ್ನ ಮೂರಕ್ಕೆ ಅವನ ಎಂ.ಫಿಲ್. ಮೌಖಿಕ ಪರೀಕ್ಷೆ. ಬಳ್ಳಾರಿಯ ಒಂದು ಖಾಸಗಿ ಕಾಲೇಜಿನಲ್ಲಿ ಅವನು ಒಂಬತ್ತು ವರ್ಷದಿಂದ ಭೂಗೋಳ ಕಲಿಸುತ್ತಿದ್ದ. ಒಂಬತ್ತು ವರ್ಷದಿಂದಲೂ 'ತಾತ್ಕಾಲಿಕ'ನಾಗಿಯೇ ಇದ್ದ. ಎಂ.ಫಿಲ್. ಮುಗಿಸಿದರೆ ಕಾಯಂ ಮಾಡುತ್ತೇವೆಂದು ಆಡಳಿತ ಮಂಡಳಿ ಹೇಳಿತ್ತು. ಮುಗಿಸದಿದ್ದರೆ ಆ ಜಾಗದಲ್ಲಿ ಕೂರಲು ಕಾರ್ಯದರ್ಶಿಯ ಅಳಿಯ ಪ್ಯಾಂಟು ಇಸ್ತ್ರಿ ಮಾಡಿಸಿಕೊಂಡು ಕಾಯುತ್ತಿದ್ದ.

ಮಾರ್ಗದರ್ಶಕರಾದ ಡಾಕ್ಟರ್ ವಿಶ್ವಪ್ರಿಯ ಅವನಿಗೆ ಕೊಟ್ಟಿದ್ದ ವಿಷಯ: 'ದೇಶೀಯ ಮತ್ತು ವಿದೇಶೀ ಪ್ರವಾಸಿಗರು ರಾಷ್ಟ್ರೀಯ ಉದ್ಯಾನಗಳಿಗೆ ಏಕೆ ಭೇಟಿ ನೀಡುತ್ತಾರೆ?' ಪ್ರಾಣೇಶ ಪ್ರಾಮಾಣಿಕ ಮನುಷ್ಯ. ಮನೆಯಲ್ಲಿ ಕೂತು ತಾನೇ ಫಾರಂ ತುಂಬುವ ಜಾತಿಯವನಲ್ಲ. ಹಿಂದಿನ ವರ್ಷ ಕ್ರಿಸ್‌ಮಸ್ ರಜೆಯಲ್ಲಿ ಮಂಕಿ ಟೋಪಿ ಹಾಕಿಕೊಂಡು ಬಂಡೀಪುರದ ಗೇಟಿನ ಹತ್ತಿರ ಐದು ದಿನ ನಿಂತು, ಬಂದುಹೋಗುವವರನ್ನೆಲ್ಲ ತಡೆದು ಪ್ರಶ್ನಾವಳಿ ತುಂಬಿಸಿಕೊಂಡು ಬಂದಿದ್ದ. ದೇಶೀಯರಿಗೆ ತೆಳ್ಳನೆಯ ಬಿಳಿ ಕಾಗದ. ವಿದೇಶಿಯರಿಗೆ ದಪ್ಪನೆಯ ಹಸಿರು ಕಾಗದ. ದೇಶದ ಮರ್ಯಾದೆಯ ಪ್ರಶ್ನೆ ಎಂದು ವಿಶ್ವಪ್ರಿಯರೇ ಸೂಚಿಸಿದ್ದರು. ನೂರು ಜನ ದೇಶೀಯರಲ್ಲಿ ಅರವತ್ತನಾಲ್ಕು ಮಂದಿ 'ಏಕೆ ಬಂದಿರಿ?' ಎಂಬುದಕ್ಕೆ 'ಊಟಿಗೆ ಹೋಗುವ ದಾರಿಯಲ್ಲಿ ಸಿಕ್ಕಿತು' ಎಂದು ಬರೆದಿದ್ದರು. ಆ ನೂರು ಫಾರಂಗಳು ಆಗಲೇ ವಿಶ್ವಪ್ರಿಯರ ಬೀರು ಸೇರಿದ್ದವು. ಹನ್ನೆರಡು ಹಸಿರು ಫಾರಂಗಳನ್ನು ಮಾತ್ರ ಮೈಸೂರಿನಿಂದ ಬರುವ ಪರೀಕ್ಷಕರು ತಮ್ಮ ಕಣ್ಣಾರೆ ನೋಡಬೇಕೆಂದು ಹೇಳಿ ಕಳಿಸಿದ್ದರು.

ಅವು ಮನೆಯ ಕಿಟಕಿಯ ಮೇಲಿನ ಹಲಗೆಯ ಮೇಲಿದ್ದವು. ಅದು ಚೀನಾದವರು ನಮ್ಮ ಅದಿರಿನ ಗುಡ್ಡ ಕೊಳ್ಳುತ್ತಿದ್ದ ಕಾಲ. ಗುಡ್ಡ ಲಾರಿ ಹತ್ತಿ, ಹಡಗು ಹತ್ತಿ ಹೋಗಿಬಿಡುತ್ತಿತ್ತು. ಅದರ ಧೂಳು ಮಾತ್ರ ಬಳ್ಳಾರಿಯಲ್ಲೇ ವಾಸ. ನಿನ್ನೆ ಒಗೆದ ಪಂಚೆ ಇವತ್ತು ಸನ್ಯಾಸಿಯ ಕಾವಿಯಾಗುತ್ತಿತ್ತು. ಎರಡು ವಾರ ಬಿಟ್ಟರೆ ಹೊಸ ಪುಸ್ತಕಕ್ಕೂ ತಾಳೆಗರಿಯ ಕಳೆ ಬರುತ್ತಿತ್ತು.

"ಅಮ್ಮಾ, ಹಲಗಿ ಮ್ಯಾಲಿನ ಹಸಿರು ಕಟ್ಟು ಎಲ್ಲದ?" ಪ್ರಾಣೇಶ ತಲೆ ಒರೆಸಿಕೊಳ್ಳುತ್ತ ಕೇಳಿದ.

"ಆ ಕೆಂಪು ಕಟ್ಟೇನೋ?"

"ಕೆಂಪಲ್ಲಮ್ಮಾ, ಹಸಿರು!"

"ಹಸಿರದ ಅಂತ ನಂಗ ಹ್ಯಾಂಗ ತಿಳೀಬೇಕು? ಬೆರಳು ದಪ್ಪ ಧೂಳು ಕೂತಿತ್ತು. ನಿಮ್ಮಜ್ಜನ ಕಾಲದ ಕೋರ್ಟು ಕಾಗದ ಅಂದುಕೊಂಡು ಸುಂಕಣ್ಣಗ ಹಾಕಿದೆ. ನೋಡು, ಜರಡಿ ಎಷ್ಟು ಛಂದ ಅದ!"

ಪ್ರಾಣೇಶ ಮೈಮೇಲಿನ ಟವಲ್ಲಿನಲ್ಲೇ ಹೊರಗೆ ಬಂದು ಕಟ್ಟೆಯ ಮೇಲೆ ಕುಸಿದು ಕೂತ. ಅಡುಗೆಮನೆಯಿಂದ ಹೆಂಡತಿ ಸಿಂಧು, "ಬೀರುದಾಗ ಇಡ್ರಿ ಅಂತ ಹತ್ತು ಸಲ ಹೇಳಿದ್ದೆ" ಎಂದದ್ದು ಅವನ ಕಿವಿಗೆ ಬಿತ್ತೋ ಇಲ್ಲವೋ.

ಎದುರುಮನೆಯ ದಾವಲಸಾಬರ ಕಿವಿಗಂತೂ ಬಿತ್ತು. ಅರವತ್ತು ದಾಟಿದ ದಾವಲಸಾಬರು ಓಣಿಯಲ್ಲಿ ಯಾರ ಮನೆಯಲ್ಲಿ ಏನಾದರೂ ತಮ್ಮ ಮನೆಯಲ್ಲೇ ಆಯಿತೆಂದು ತಿಳಿಯುವ ಮನುಷ್ಯ. ತಲೆಯ ಮೇಲೆ ಕೈಹೊತ್ತು ಕೂತ ಮೇಷ್ಟ್ರನ್ನು ಕಂಡು ಓಡೋಡಿ ಬಂದರು.

"ಯಾರು ಹೋದ್ರು, ಮೇಷ್ಟ್ರೇ?"

"ಹನ್ನೆರಡು ಮಂದಿ ಹೋದ್ರು."

"ಯಾ ಅಲ್ಲಾ! ಬಸ್ಸು ಪಲ್ಟಿ ಆತೇನ್ರೀ?"

ವಿಷಯ ತಿಳಿದ ಮೇಲೆ ದಾವಲಸಾಬರು ಜೇಬಿನಿಂದ ಕಾರಿನ ಚಾವಿ ತೆಗೆದರು. ಬ್ರೂಸ್‌ಪೇಟೆಯಲ್ಲಿ ಅವರದು ಲಾರಿಗೆ ಹೊದಿಸುವ ತಾಡಪತ್ರಿಯ ಅಂಗಡಿ. ಅದಿರಿನ ಲಾರಿಗಳೆಲ್ಲ ಮೈಮುಚ್ಚಿಕೊಂಡೇ ಓಡಾಡಬೇಕೆಂಬ ಹುಕುಂ ಬಂದ ಮೇಲೆ ಅವರ ದೆಸೆ ತಿರುಗಿತ್ತು. ತಾಡಪತ್ರಿಯ ಮೇಲೆ ಲಾರಿಯ ನಂಬರು, ಮಾಲೀಕನ ಹೆಸರು ಎಲ್ಲವನ್ನೂ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಇವತ್ತಿಗೂ ಅವರೇ ಕುಂಚ ಹಿಡಿದು ಬರೆಯುತ್ತಿದ್ದರು. ಆ ದುಡಿಮೆಯಲ್ಲಿ ಒಂದು ಸ್ಕಾರ್ಪಿಯೋ ಕೊಂಡಿದ್ದರು. ಶೋರೂಮಿನಲ್ಲಿ ಬಿಳಿ, ಬಳ್ಳಾರಿಗೆ ಬಂದ ಮೇಲೆ ಗುಲಾಬಿ. ಮೂರನೆಯ ಗೇರಿಗಿಂತ ಮೇಲೆ ಹೋಗುವುದು ದುರಹಂಕಾರ ಎಂಬುದು ಅವರ ಸಿದ್ಧಾಂತ.

"ಹತ್ರಿ ಮೇಷ್ಟ್ರೇ. ಕಾಗದ ಎಲ್ಲಿಗೆ ಹೋಗ್ತೈತ್ರಿ? ಅದಕ್ಕೇನು ಕಾಲು ಅದಾವ?"

ಕಾಲು ಇದ್ದವು. ಪ್ರಾಣೇಶ ಅಂಗಿ ಪ್ಯಾಂಟು ಏರಿಸಿ, ಪರೀಕ್ಷೆಯ ಫೈಲು ಹಿಡಿದು ಕಾರು ಹತ್ತಿದ. ಬ್ರೂಸ್‌ಪೇಟೆಯ ಮೂಲೆಯಲ್ಲಿ ಖಾಲಿ ಗಾಡಿ ತಳ್ಳಿಕೊಂಡು ಬರುತ್ತಿದ್ದ ಸುಂಕಣ್ಣ ಸಿಕ್ಕ. ಮಾಲನ್ನು ಆಗಲೇ ಗಾದೆಪ್ಪನ ಕಾಗದದ ಅಂಗಡಿಗೆ ಹಾಕಿ ಬಂದಿದ್ದ. ಗಾದೆಪ್ಪನ ಅಂಗಡಿಗೆ ಓಡಿದರೆ, ಗಾದೆಪ್ಪ ರದ್ದಿಯ ಮೂಟೆಗಳ ನಡುವೆ ಕೂತು ಒಗ್ಗರಣೆ ತಿನ್ನುತ್ತಿದ್ದ. ಅವನ ಒಗ್ಗರಣೆ ಮಂಡಕ್ಕಿಯ ಕೆಳಗೆ ಹಸಿರು ಕಾಗದ!

"ತಿನ್ನಬ್ಯಾಡ್ರಿ!" ಪ್ರಾಣೇಶ ಕಿರುಚಿದ.

ಗಾದೆಪ್ಪ ಬಾಯಿಯ ಹತ್ತಿರ ಹೋದ ಕೈಯನ್ನು ಗಾಬರಿಯಿಂದ ಇಳಿಸಿದ. "ಯಾಕ್ರಿ, ಹಲ್ಲಿ ಬಿದ್ದೈತಾ?"

"ಹಲ್ಲಿ ಅಲ್ಲ, ಜರ್ಮನಿಯವರು!"

ಮಂಡಕ್ಕಿಯನ್ನು ಮತ್ತೊಂದು ಕಾಗದಕ್ಕೆ ಸುರುವಿ ನೋಡಿದರೆ, ಹೌದು, ಜರ್ಮನಿಯ ಆ ಎತ್ತರದ ಹೆಂಗಸೇ. ಬಂದ ಕಾರಣ: 'ಯಾರೂ ಹಾರ್ನ್ ಹೊಡೆಯದ ಒಂದು ಬೆಳಗ್ಗೆ ಬೇಕಿತ್ತು.' ಅದರ ಮೇಲೆ ಅರಿಸಿನದ ಎಣ್ಣೆ ಭಾರತದ ನಕಾಶೆಯ ಹಾಗೆ ಹರಡಿತ್ತು.

"ಉಳಿದವು ಎಲ್ಲಿ?"

"ಅಬ್ಬೋ, ಆ ದಪ್ಪ ಕಾಗದಾನಾ? ಎಣ್ಣಿ ತಡಿಯೋ ಕಾಗದ ಅಂತ ಕುರುಗೋಡಿನ ಮಿರ್ಚಿ ಎರ್ರಣ್ಣ ಆಸಿ ಬಿದ್ದು ಒಯ್ದ. ವಾರಕ್ಕೊಮ್ಮಿ ಪೊಟ್ಟಣದ ಕಾಗದ ಒಯ್ಯಾಕ ಬರ್ತಾನ. ಈಗ ಬಸ್ ಹತ್ತಿ ಊರು ಮುಟ್ಟಿರಬೇಕು ನೋಡ್ರಿ."

ಒಬ್ಬಳು ಸಿಕ್ಕಳಲ್ಲ ಎಂಬ ಸಮಾಧಾನ ಪ್ರಾಣೇಶನಿಗೆ ಊರು ದಾಟುವವರೆಗೆ ಇತ್ತು. ಆಮೇಲೆ ಮೂರನೆಯ ಗೇರು ಅದನ್ನು ತಿಂದುಹಾಕಿತು. ಲಾರಿಗಳು ಎಬ್ಬಿಸಿದ ಕೆಂಪು ಮೋಡದೊಳಗೆ ಸ್ಕಾರ್ಪಿಯೋ ಮದುವಣಗಿತ್ತಿಯ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಿತ್ತು. ಸೈಕಲ್ಲಿನ ಮೇಲೆ ಹೊರಟಿದ್ದ ಒಬ್ಬ ರೈತ ಪಕ್ಕದಲ್ಲೇ ಸುಮಾರು ದೂರ ಜೊತೆಕೊಟ್ಟು, ಬೇಸರವಾಗಿ ಮುಂದೆ ಹೋದ.

ಕುರುಗೋಡು ಮುಟ್ಟುವ ಹೊತ್ತಿಗೆ ಹತ್ತೂ ಮುಕ್ಕಾಲು. ಬಸ್ ನಿಲ್ದಾಣದ ಪಕ್ಕದ ಎರ್ರಣ್ಣನ ಅಂಗಡಿಯ ಮುಂದೆ ಜನ ಗುಂಪುಗಟ್ಟಿದ್ದರು. ಹೊಡೆದಾಟವೇನೋ ಎಂದುಕೊಂಡು ಇಳಿದರೆ, ಅಲ್ಲಿ ನಡೆಯುತ್ತಿದ್ದುದು ವಿಚಾರಸಂಕಿರಣ. ನಿವೃತ್ತ ಪೋಸ್ಟ್‌ಮಾಸ್ಟರೊಬ್ಬರು ತಮ್ಮ ಮಿರ್ಚಿಯ ಕಾಗದವನ್ನು ಕನ್ನಡಕದ ಹತ್ತಿರ ಹಿಡಿದು ಇಂಗ್ಲಿಷಿನಿಂದ ಕನ್ನಡಕ್ಕೆ ಇಳಿಸುತ್ತಿದ್ದರು.

"ಕೇಳ್ರಿ, ಈತ ಅಮೆರಿಕಾದಾಂವ. ಯಾಕ ಬಂದ್ರಿ ಅಂದ್ರ ಹುಲಿ ನೋಡಾಕ ಅಂತಾನ. ಕಂಡದ್ದೇನು ಅಂದ್ರ, ಎರಡು ಜಿಂಕಿ, ನಲವತ್ತು ಜೀಪು."

"ಜೀಪು ನೋಡಾಕ ಕಾಡಿಗ್ಯಾಕ ಹೋಗಬೇಕಿತ್ರಿ?" ಎಂದ ಪಕ್ಕದವನು. "ನಮ್ಮ ಕಡಿ ಬಂದಿದ್ರ ನಿಂತ ಜಾಗದಾಗ ನಾಕು ಸಾವಿರ ಲಾರಿ ತೋರಿಸ್ತಿದ್ವಿ."

"ನಂದ್ರಾಗ ಏನೈತಿ ಓದ್ರಿ ಸಾರ್" ಎಂದು ಇನ್ನೊಬ್ಬ ತನ್ನ ಕಾಗದ ಚಾಚಿದ.

"ಇವರು ಫ್ರಾನ್ಸಿನ ಗಂಡ ಹೆಂಡ್ತಿ. 'ಮೂರು ಮಕ್ಕಳನ್ನು ಅವರಜ್ಜಿ ಹತ್ರ ಬಿಟ್ಟು ಬಂದಿದ್ದೇವೆ. ಇದೇ ಕಾರಣ.'"

"ಆಯಮ್ಮ ಶಾಣ್ಯಾಕಿ!" ಎಂದ ಎರ್ರಣ್ಣ, ಬಾಣಲೆಗೆ ಮೆಣಸಿನಕಾಯಿ ಬಿಡುತ್ತ.

ಪ್ರಾಣೇಶ ಗುಂಪಿನೊಳಗೆ ನುಗ್ಗಿ, ಏದುಸಿರಿನಲ್ಲಿ ತನ್ನ ಕತೆ ಹೇಳಿಕೊಂಡ. ಎಲ್ಲರಿಗೂ ಅಯ್ಯೋ ಎನಿಸಿತು. ಪೋಸ್ಟ್‌ಮಾಸ್ಟರು ಅಮೆರಿಕವನ್ನು ಗೌರವದಿಂದ ಹಿಂತಿರುಗಿಸಿದರು. ಪಕ್ಕದವನು ಫ್ರಾನ್ಸನ್ನು ಅಂಗಿಗೆ ಒರೆಸಿ ಕೊಟ್ಟ. ಬಳಸದ ಐದು ಕಾಗದಗಳು ಬಾಣಲೆಯ ಮೇಲಿನ ಮೊಳೆಗೆ ನೇತಾಡುತ್ತ ಬಂದಾಗಿನಿಂದ ಎಣ್ಣೆಯ ಹೊಗೆ ಕುಡಿದು, ಅಲ್ಲೊಂದು ಇಲ್ಲೊಂದು ಹಿಟ್ಟಿನ ಹನಿ ಸಿಡಿಸಿಕೊಂಡು, ಕಾಗದವೋ ಹಪ್ಪಳವೋ ತಿಳಿಯದ ಸ್ಥಿತಿಯಲ್ಲಿದ್ದವು. ಎಂಟಾದವು.

ಒಂಬತ್ತನೆಯದು ಕಟ್ಟೆಯ ತುದಿಯಲ್ಲಿ ಕೂತಿದ್ದ ಗಾದೆಮ್ಮ ಎಂಬ ಮುದುಕಿಯ ಕೈಯಲ್ಲಿತ್ತು. ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟುಕೊಂಡು, ಇಲ್ಲದ ಹಲ್ಲಿನಲ್ಲಿ ಮಿರ್ಚಿಯನ್ನು ನಿಧಾನವಾಗಿ ಅರೆಯುತ್ತಿದ್ದಳು.

"ಅಜ್ಜಿ, ಆ ಕಾಗದ ಕೊಡಬೇಕು."

"ಉಣ್ಣೋರ ಮುಂದಿಂದು ಕಸಗಂತಾರೇನಪ್ಪಾ?" ಗಾದೆಮ್ಮ ಪೊಟ್ಟಣವನ್ನು ಎದೆಗೆ ಅವುಚಿಕೊಂಡಳು. "ಅದ್ರಾಗ ಏನ್ ಬರದೈತಿ, ಮೊದ್ಲು ಓದು. ಎಲ್ಲಾರ್ದೂ ಓದ್ಯಾರ, ನಂದು ಓದಿಲ್ಲ."

ಪ್ರಾಣೇಶ ಬಗ್ಗಿ ಓದಿದ. ಅದು ಇಂಗ್ಲೆಂಡಿನ ಎಪ್ಪತ್ತಾರು ವರ್ಷದ ಮುದುಕನದು.

"ಈತನ ಹೆಂಡತಿಗೆ ಅಡವಿಯೊಳಗಿನ ಆನಿ ನೋಡಬೇಕು ಅಂತ ಆಸೆ ಇತ್ತಂತ. ಆಕಿ ತೀರಿಕೊಂಡಳು. 'ಅವಳ ಪರವಾಗಿ ನಾನು ಬಂದೆ' ಅಂತ ಬರದಾನ."

ಗಾದೆಮ್ಮನ ದವಡೆ ನಿಂತಿತು. "ಕಂಡ್ತೇನಪ್ಪಾ ಆನಿ?"

"ಇಲ್ಲಜ್ಜಿ. ಲದ್ದಿ ಕಂಡಿತಂತ. 'ಆದರೆ ಹಸಿಯದಾಗಿತ್ತು' ಅಂತಲೂ ಬರದಾನ."

"ಹಸೀ ಲದ್ದಿ ಅಂದ್ರ ಆನಿ ಅಲ್ಲೇ ಇತ್ತು ಅಂತಾತು. ಕಣ್ಣಿಗೆ ಬೀಳಲಿಲ್ಲ, ಅಷ್ಟೆ." ಗಾದೆಮ್ಮ ಉಳಿದ ಮಿರ್ಚಿಯನ್ನು ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಂಡು, ಕಾಗದವನ್ನು ಸೀರೆಯ ಸೆರಗಿನಿಂದ ಎರಡು ಕಡೆಯೂ ಒರೆಸಿ ಕೊಟ್ಟಳು. "ಜ್ವಾಪಾನ ಮಾಡಪ್ಪಾ. ಪಾಪ, ಮುದುಕಪ್ಪಂದು."

ಪ್ರಾಣೇಶನಿಗೆ ಒಂದು ಕ್ಷಣ ನಾಚಿಕೆಯಾಯಿತು. ತನ್ನ ಪ್ರಬಂಧದ ಏಳನೆಯ ಕೋಷ್ಟಕದಲ್ಲಿ ಆ ಮುದುಕನನ್ನು ಅವನು 'ಇತರೆ ಕಾರಣಗಳು: ಶೇಕಡಾ 8.3' ಎಂದು ಬರೆದು ಮುಗಿಸಿದ್ದ.

"ಇನ್ನ ಮೂರು ಎಲ್ಲಿ, ಎರ್ರಣ್ಣ?" ದಾವಲಸಾಬರು ಅಷ್ಟರಲ್ಲಿ ತಾವೂ ಎರಡು ಮಿರ್ಚಿ ಮುಗಿಸಿ ಬಾಯಿ ಒರೆಸಿಕೊಳ್ಳುತ್ತಿದ್ದರು.

"ಸಿರುಗುಪ್ಪದ ಬಸ್ಸಿಗೆ ಕೊಟ್ಟೆ ಸಾಬ್ರೇ. ಕಂಡಕ್ಟರ್ ಚಂದ್ರಣ್ಣಗೊಂದು, ಡ್ರೈವರಿಗೊಂದು, ಕಿಟಕಿ ಸೀಟಿನ ಪ್ಯಾಸೆಂಜರಿಗೊಂದು. ಈಗಿನ್ನ ಹೋತು."

'ಈಗಿನ್ನ' ಎಂದರೆ ಅರ್ಧ ಗಂಟೆಯ ಹಿಂದೆ. ಸ್ಕಾರ್ಪಿಯೋ ಮತ್ತೆ ಹೊರಟಿತು. ಆ ಕಡೆಗೆ ಹೋದಂತೆ ಕೆಂಪು ತೆಳುವಾಗಿ, ಕಾಲುವೆಯ ನೀರಿನ ಭತ್ತದ ಗದ್ದೆಗಳು ಶುರುವಾದವು. ದಾವಲಸಾಬರು ಹಾಡು ಗುನುಗಲು ಶುರುಮಾಡಿದರು. ಪ್ರಾಣೇಶ ನಿಮಿಷಕ್ಕೊಮ್ಮೆ ಗಡಿಯಾರ ನೋಡಿದ. ಕೊನೆಗೆ ತಡೆಯಲಾರದೆ, "ಸಾಬ್ರೇ, ನಾಲ್ಕನೇ ಗೇರು ಅಂತ ಒಂದು ಇರ್ತದ" ಎಂದ.

"ಇರ್ತೈತ್ರಿ. ಇದ್ದದ್ದನ್ನೆಲ್ಲಾ ಬಳಸಬೇಕಂತ ಎಲ್ಲೈತಿ?"

ಸಿರುಗುಪ್ಪದ ಬಸ್ ನಿಲ್ದಾಣ ಸೇರಿದಾಗ ಗಂಟೆ ಹನ್ನೆರಡು ಕಳೆದಿತ್ತು. ಪುಣ್ಯಕ್ಕೆ ಬಸ್ಸು ಇನ್ನೂ ಅಲ್ಲೇ ನಿಂತಿತ್ತು. ಕಂಡಕ್ಟರ್ ಚಂದ್ರಣ್ಣ ತನ್ನ ಪಾಲಿನ ವಿದೇಶಿಯನ್ನು ನಾಲ್ಕು ಮಡಿಕೆ ಮಾಡಿ, ಸೀಟಿನ ಕಬ್ಬಿಣ ಚುಚ್ಚದಂತೆ ಕೆಳಗೆ ಹಾಕಿಕೊಂಡು ಕೂತಿದ್ದ. ಎದ್ದು ಕೊಟ್ಟ. ಡ್ರೈವರು ತನ್ನದರಿಂದ ಮುಂದಿನ ಗಾಜು ಒರೆಸಿದ್ದ. "ಏನ್ ಕಾಗದ ಸಾರ್ ಅದು! ಗಾಜು ನೋಡ್ರಿ, ಕನ್ನಡಿ ಆಗೈತಿ" ಎಂದು ಮುದ್ದೆಯನ್ನು ಬಿಡಿಸಿ ಕೊಟ್ಟ. ಆಸ್ಟ್ರೇಲಿಯದವನು ಕಪ್ಪಗಾಗಿದ್ದನೇ ಹೊರತು ಓದಲು ಬರುತ್ತಿದ್ದ.

"ಹನ್ನೊಂದು!" ಪ್ರಾಣೇಶನ ಎದೆಯ ಮೇಲಿನ ಕಲ್ಲು ಮುಕ್ಕಾಲು ಇಳಿಯಿತು. "ಕಿಟಕಿ ಸೀಟಿನವರು ಎಲ್ಲಿ?"

"ಅವರಿಲ್ಲೇ ಇಳಿದು ಹೋದ್ರು. ಕಾಗದ ಇಲ್ಲಿಗೆ ಬಂದಿಲ್ಲ ಸಾರ್" ಎಂದ ಚಂದ್ರಣ್ಣ ಸಂಕೋಚದಿಂದ. "ಸಿರಿಗೇರಿ ದಾಟಿದ ಮ್ಯಾಲ ಕಾಲಿವಿ ಸೇತುವಿ ಬರ್ತೈತಲ್ಲ, ಅಲ್ಲಿ ಕಿಟಕ್ಯಾಗಿಂದ ಒಗದುಬಿಟ್ರು. ನಾನಾ ನೋಡಿದೆ. ಗಾಳಿಪಟದಂಗ ಹೋಗಿ ನೀರಿಗೆ ಬಿತ್ತು."

ಪ್ರಾಣೇಶ ಫಾರಂಗಳನ್ನು ತಿರುವಿ ನೋಡಿದ. ಇಲ್ಲದವರು ಯಾರೆಂದು ತಿಳಿಯಿತು. "ತನಾಕಾ" ಎಂದ. "ಜಪಾನಿನ ಹಿರಿಯರು. ಎಂಥಾ ಸಭ್ಯ ಮನುಷ್ಯ, ಸಾಬ್ರೇ. ಫಾರಂ ಕೊಟ್ಟಾಗ ಒಮ್ಮೆ ಬಗ್ಗಿ ನಮಸ್ಕಾರ ಮಾಡಿದರು, ವಾಪಸ್ ಕೊಟ್ಟಾಗ ಇನ್ನೊಮ್ಮೆ."

"ಆ ಕಾಲಿವಿ ಸೀದಾ ಆಂಧ್ರಕ್ಕ ಹೋಗ್ತೈತಿ. ಸಂಜಿಗೆ ಆದೋನಿ ಕಡಿ ಇರ್ತಾರ, ಬಿಡ್ರಿ" ಎಂದ ಚಂದ್ರಣ್ಣ.

ವಾಪಸು ಬರುವಾಗ ದಾವಲಸಾಬರು ಮೆಲ್ಲಗೆ ವಿಷಯ ಎತ್ತಿದರು. "ಮೇಷ್ಟ್ರೇ, ನಿಮ್ಮ ಫೈಲಿನ್ಯಾಗ ಖಾಲಿ ಹಸಿರು ಫಾರಂ ಅದಾವಲ್ಲ. ಒಂದು ತುಂಬಿದ್ರ ಹನ್ನೆರಡು ಆಕ್ಕಾವು."

"ಛೆ ಛೆ! ಸುಳ್ಳು ಬರೀಲಾರೆ ನಾನು. ಹನ್ನೊಂದೇ ಅವ ಅಂತ ಖರೆ ಹೇಳ್ತೀನಿ."

"ಸುಳ್ಳು ಯಾಕ್ರಿ? ನನ್ನ ಕೇಳ್ರಿ. ನಾ ಯಾಕ ಹೋಗಬೇಕಂತೀನಿ, ಹೇಳ್ತೀನಿ."

"ನೀವು ಹೋಗೇ ಇಲ್ಲಲ್ರೀ!"

"ಹೋಗಬೇಕು ಅಂತ ಐತಲ್ಲ." ದಾವಲಸಾಬರು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು. "ನಮ್ಮ ಮೊಮ್ಮಗಳು ಅಸ್ಮಾ ಇಲ್ಲೇನ್ರಿ, ಒಂದನೇ ಕ್ಲಾಸಿನಾಕಿ. ಮೊನ್ನಿ ಸಾಲ್ಯಾಗ ಗಿಡದ ಚಿತ್ರ ಬರಸ್ಯಾರ. ಎಲಿಗೆಲ್ಲಾ ಕೆಂಪು ಬಣ್ಣ ಹಚ್ಯಾಳ. ಟೀಚರು ತಪ್ಪು ಅಂತ ಅಡ್ಡಗೆರಿ ಎಳದ್ರು. ಆ ಕೂಸು ಅಳ್ಕೋತ ಬಂದು ಬಾಗಿಲ ಮುಂದಿನ ಬೇವಿನ ಗಿಡ ತೋರಿಸಿ, 'ದಾದಾ, ಕೆಂಪೇ ಐತಲ್ಲ' ಅಂತು. ನಾ ಏನ್ ಹೇಳ್ಲಿ? ಲಾರಿ ಮುಚ್ಚೂ ತಾಡಪತ್ರಿ ಮಾರೋನು ನಾನಾ. ಒಮ್ಮಿ ಆಕೀನ ಕರ್ಕೊಂಡು ಹೋಗಿ, ಧೂಳು ಒರಸದಾನ ಹಸಿರಿರೋ ಎಲಿ ತೋರಸ್ಬೇಕ್ರಿ."

ಅಷ್ಟರಲ್ಲಿ ಕಾಲುವೆಯ ಸೇತುವೆ ಬಂತು. ತನಾಕಾ ಎಲ್ಲಾದರೂ ಜೊಂಡಿಗೆ ಸಿಕ್ಕಿಕೊಂಡಿರಬಹುದೆಂಬ ಆಸೆಯಿಂದ ಪ್ರಾಣೇಶ ಕಾರು ನಿಲ್ಲಿಸಲು ಹೇಳಿದ. ಫೈಲನ್ನು ಸೀಟಿನ ಮೇಲಿಟ್ಟು ಅವನು ಇಳಿಯುತ್ತಿದ್ದಂತೆ ದಾವಲಸಾಬರು ಕೇಳಿದರು:

"ಮೇಷ್ಟ್ರೇ, ಎಲಿಗೆ ಇಂಗ್ಲಿಷಿನ್ಯಾಗ ಲೀಫ್ ಅಲ್ಲೇನ್ರಿ? ಎಫ್ಫು ಒಂದೋ ಎರಡೋ?"

"ಒಂದೇ" ಎಂದ ಪ್ರಾಣೇಶ, ನೀರಿನ ಮೇಲೆ ಕಣ್ಣಿಟ್ಟು. ಒಂದು ಚಪ್ಪಲಿ, ಎರಡು ತೆಂಗಿನ ಚಿಪ್ಪು ತೇಲಿ ಹೋದವು. ಜಪಾನು ಕಾಣಲಿಲ್ಲ.

ಮೂರಕ್ಕೆ ಐದು ನಿಮಿಷವಿದ್ದಾಗ ಪ್ರಾಣೇಶ ಪರೀಕ್ಷೆಯ ಕೋಣೆಯ ಮುಂದೆ ನಿಂತಿದ್ದ. ಹುಬ್ಬು, ಮೂಗು, ಕಿವಿಯ ಸಂದುಗಳಲ್ಲೆಲ್ಲ ಕೆಂಪು ಧೂಳು ಕೂತು, ಈಗಷ್ಟೇ ನೆಲದಿಂದ ಅಗೆದು ತೆಗೆದ ವಿಗ್ರಹದ ಹಾಗಿದ್ದ. ಆದರೂ ಮನಸ್ಸು ಹಗುರವಾ‌ಗಿತ್ತು. ಹನ್ನೆರಡರಲ್ಲಿ ಹನ್ನೊಂದು! ಬೆಳಿಗ್ಗೆ ಎಂಟೂಮುಕ್ಕಾಲಿಗೆ ಒಂದೂ ಇರಲಿಲ್ಲ.

ಒಳಗೆ ವಿಶ್ವಪ್ರಿಯರ ಪಕ್ಕದಲ್ಲಿ ಮೈಸೂರಿನ ಪರೀಕ್ಷಕರು ಕೂತಿದ್ದರು. ತೆಳ್ಳನೆಯ, ಶುಭ್ರವಾದ ಮನುಷ್ಯ. ಕುರ್ಚಿಯ ಮೇಲೂ ಕರವಸ್ತ್ರ ಹಾಸಿಕೊಂಡೇ ಕೂತಿದ್ದರು. ಪ್ರಬಂಧವನ್ನು ಚೆನ್ನಾಗಿದೆ ಎಂದರು. ಕೋಷ್ಟಕಗಳು ಅಚ್ಚುಕಟ್ಟು ಎಂದರು. ವಿಶ್ವಪ್ರಿಯರ ಮುಖ ಅರಳಿತು.

"ಎಲ್ಲಿ, ಆ ವಿದೇಶೀಯರ ಫಾರಂಗಳನ್ನ ಕೊಡಿ."

ಪ್ರಾಣೇಶ ಫೈಲು ಬಿಚ್ಚಿ ಮುಂದಿಟ್ಟ. ಕೋಣೆಯ ತುಂಬ ಮೆಣಸಿನಕಾಯಿ ಬಜ್ಜಿಯ ವಾಸನೆ ಹರಡಿತು. ಪರೀಕ್ಷಕರು ಒಂದು ಫಾರಂ ಎತ್ತಿ ಬೆಳಕಿಗೆ ಹಿಡಿದರು. ಅದರೊಳಗಿಂದ ಕಿಟಕಿಯ ಸರಳುಗಳು ಸ್ಪಷ್ಟವಾಗಿ ಕಂಡವು.

"ಏನ್ರೀ ಇದು? ಇವರು ಪ್ರವಾಸಿಗಳೋ, ಮೆಣಸಿನಕಾಯಿಗಳೋ?"

ಪ್ರಾಣೇಶ ಎಲ್ಲವನ್ನೂ ಇದ್ದದ್ದು ಇದ್ದಹಾಗೆ ಹೇಳಿದ. ಅಮ್ಮ, ರದ್ದಿ, ಗಾದೆಪ್ಪನ ಒಗ್ಗರಣೆ, ಎರ್ರಣ್ಣನ ಮೊಳೆ, ಬಸ್ಸಿನ ಗಾಜು, ಆಂಧ್ರದ ಕಡೆಗೆ ಹೋದ ತನಾಕಾ. ಸತ್ಯವನ್ನು ಒಂದೇ ಉಸಿರಿಗೆ ಹೇಳಿದರೆ ಅದು ಎಷ್ಟು ದೊಡ್ಡ ಸುಳ್ಳಿನ ಹಾಗೆ ಕೇಳುತ್ತದೆಂದು ಅವನಿಗೇ ಆಶ್ಚರ್ಯವಾಯಿತು.

"ಕತೆ ಚೆನ್ನಾಗಿದೆ. ಯಾವುದಾದ್ರೂ ವಾರಪತ್ರಿಕೆಗೆ ಕಳಿಸಿ" ಎಂದರು ಪರೀಕ್ಷಕರು ತಣ್ಣಗೆ. "ನಾನು ಹೇಳಲಾ, ಏನು ನಡೆದಿದೆ ಅಂತ? ಹನ್ನೊಂದು ಜನ ಸ್ನೇಹಿತರನ್ನ ಯಾವುದೋ ಬಜ್ಜಿ ಅಂಗಡಿಗೆ ಕರ್ಕೊಂಡು ಹೋಗಿ, ತಿನ್ನಿಸಿ, ಕುಡಿಸಿ, ಬರೆಸಿದ್ದೀರಿ. ಹಾರ್ನ್ ಕೇಳದ ಬೆಳಗ್ಗೆ ಬೇಕಂತೆ! ಹೆಂಡತಿ ಪರವಾಗಿ ಆನೆ ನೋಡೋಕೆ ಬಂದನಂತೆ! ಯಾವ ವಿದೇಶೀಯ ಹೀಗೆಲ್ಲ ಬರೀತಾನೆ ರೀ? ಇವೆಲ್ಲ ಖೋಟಾ. ಈ ಪ್ರಬಂಧಾನ ನಾನು ತಿರಸ್ಕಾರ..."

ಮಾತು ಅಲ್ಲಿಗೇ ನಿಂತಿತು. ಅವರ ಕೈ ಫೈಲಿನ ತಳದಲ್ಲಿದ್ದ ಇನ್ನೊಂದು ಹಸಿರು ಫಾರಮ್ಮಿನ ಮೇಲಿತ್ತು. ಎಣ್ಣೆಯಿಲ್ಲ, ಮಡಿಕೆಯಿಲ್ಲ, ಹಿಟ್ಟಿನ ಹನಿಯಿಲ್ಲ. ಮೇಲೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಹೆಸರು: ತನಾಕಾ. ದೇಶ: ಜಪಾನು.

ಪ್ರಾಣೇಶ ಕತ್ತು ಮುಂದೆ ಚಾಚಿದ. ಆ ಅಕ್ಷರಗಳನ್ನು ಅವನು ಬಳ್ಳಾರಿಯ ಅರ್ಧದಷ್ಟು ಲಾರಿಗಳ ಮೇಲೆ ನೋಡಿದ್ದ.

"'ಮೊಮ್ಮಗಳು ಚಿತ್ರದಲ್ಲಿ ಎಲೆ ಕೆಂಪು ಮಾಡುತ್ತಾಳೆ. ಒಮ್ಮೆ ಅವಳಿಗೆ ಹಸಿರು ಎಲೆ ತೋರಿಸಬೇಕು. ಅಷ್ಟೇ ಕಾರಣ.'" ಪರೀಕ್ಷಕರು ಆ ಹರಕುಮುರುಕು ಇಂಗ್ಲಿಷನ್ನು ಮೆಲ್ಲಗೆ ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಡಾಕ್ಟರ್ ವಿಶ್ವಪ್ರಿಯ, ನೋಡಿದ್ರಾ? ಕಾಲುವೆ ಪಾಲಾದ್ರು ಅಂದ ತನಾಕಾ ಫೈಲಿನಲ್ಲೇ ಇದ್ದಾರೆ! ಜಪಾನಿನಲ್ಲಿ ಶರತ್ಕಾಲ ಬಂದ್ರೆ ಕಾಡಿಗೆ ಕಾಡೇ ಕೆಂಪಾಗತ್ತೆ. ಆ ಮಗು ನೋಡಿರೋದೇ ಕೆಂಪೆಲೆ! ಇದನ್ನ ಜಪಾನಿನವನಲ್ಲದೆ ಇನ್ಯಾವನು ಬರೆಯೋಕೆ ಸಾಧ್ಯ?"

"ಸಾಧ್ಯವೇ ಇಲ್ಲ" ಎಂದರು ವಿಶ್ವಪ್ರಿಯ, ಮುಳುಗುತ್ತಿದ್ದವರಿಗೆ ಹಗ್ಗ ಸಿಕ್ಕ ಹಾಗೆ.

"ಅಕ್ಷರ ನೋಡಿ. ಒಂದೊಂದು ಗೆರೆಯೂ ಕುಂಚದ ಬೀಸು. ಚಿಕ್ಕಂದಿನಿಂದ ಕುಂಚ ಹಿಡಿದು ಪಳಗಿದ ಕೈ ಇದು. ನೂರಕ್ಕೆ ನೂರು ಅಸಲಿ!"

ಪ್ರಾಣೇಶ ಬಾಯಿ ತೆರೆದ. "ಸಾರ್, ಅದು ಖರೆ ಹೇಳಬೇಕಂದ್ರ..."

ಮೇಜಿನ ಕೆಳಗೆ ವಿಶ್ವಪ್ರಿಯರು ಅವನ ಪಾದವನ್ನು ಬಲವಾಗಿ ತುಳಿದರು. ಬಾಯಿ ಮುಚ್ಚಿಕೊಂಡಿತು.

"ಸಂಕೋಚ ಬೇಡ" ಎಂದರು ಪರೀಕ್ಷಕರು ಮೆತ್ತಗಾಗಿ. "ನೀವು ಕಾಡಿಗೆ ಹೋಗಿದ್ದು ನಿಜ ಅಂತ ಇದೊಂದು ಫಾರಮ್ಮಿನಿಂದ ಒಪ್ಕೋತೀನಿ. ಒಬ್ಬ ವಿದೇಶೀಯ ಸಿಕ್ಕಿದ್ದಾನೆ, ಉಳಿದ ಹನ್ನೊಂದಕ್ಕೆ ಸೋಮಾರಿತನ ಮಾಡಿದ್ದೀರಿ. ಪ್ರಬಂಧ ತಿರಸ್ಕರಿಸೋದಿಲ್ಲ, ಪಾಸೂ ಮಾಡೋದಿಲ್ಲ. ಮತ್ತೆ ಹೋಗಿ ಇಂಥವೇ ಹನ್ನೊಂದು ಪ್ರಾಮಾಣಿಕ ಫಾರಂ ತನ್ನಿ. ಅಲ್ಲೀವರೆಗೆ ನಿಮ್ಮ ಕಾಲೇಜಿಗೆ ನಾನೇ ಪತ್ರ ಬರೀತೀನಿ, ಕೆಲಸ ಇನ್ನೂ ನಡೀತಿದೆ, ಜಾಗ ಬೇರೆಯವರಿಗೆ ಕೊಡಬೇಡಿ ಅಂತ."

ಪ್ರಾಣೇಶ ಕೈಮುಗಿದು ಏಳಬೇಕು, ಪರೀಕ್ಷಕರು ಬೆರಳೆತ್ತಿ ತಡೆದರು.

"ಇರಿ. ಕೊನೇ ಪ್ರಶ್ನೆ, 'ಮತ್ತೆ ಯಾವಾಗ ಬರುತ್ತೀರಿ?' ಅನ್ನೋದಕ್ಕೆ ಈ ಮಹಾನುಭಾವರು 'ದಸರಾ ರಜೆಯಲ್ಲಿ, ಮೊಮ್ಮಗಳ ಜೊತೆ' ಅಂತ ಬರೆದಿದ್ದಾರೆ. ಜಪಾನಿನವರಾಗಿಯೂ ನಮ್ಮ ದಸರಾ ನೆನಪಿಟ್ಟುಕೊಂಡಿದ್ದಾರಲ್ರೀ! ಬಂಡೀಪುರ ನಮಗೆ ಹತ್ತಿರ. ಆ ದಿನ ಗೇಟಿನ ಹತ್ರ ನಾನೂ ಇರ್ತೀನಿ. ತನಾಕಾ ಅವರನ್ನ ನನಗೆ ಪರಿಚಯ ಮಾಡಿಕೊಡಿ. ಆಮೇಲೇ ನನ್ನ ಸಹಿ."

ಹೊರಗೆ ಬಿಸಿಲು ಇಳಿಯುತ್ತಿತ್ತು. ದಾವಲಸಾಬರು ಸ್ಕಾರ್ಪಿಯೋದ ಬಾಗಿಲು ತೆರೆದಿಟ್ಟುಕೊಂಡು, ಎರಡು ಲೋಟ ಚಹಾ ಹಿಡಿದು ಕಾಯುತ್ತಿದ್ದರು. ಪ್ರಾಣೇಶನಿಗೆ ಅವರ ಮೇಲೆ ಸಿಟ್ಟು ಮಾಡಬೇಕೆಂದಿತ್ತು. ಚಹಾದ ಮೊದಲ ಗುಟುಕು ಇಳಿದ ಮೇಲೆ ಅದು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕೆಲಸ ಹೋಗಲಿಲ್ಲ, ಪ್ರಬಂಧ ಹರಿಯಲಿಲ್ಲ, ಕಾರ್ಯದರ್ಶಿಯ ಅಳಿಯ ಇನ್ನೂ ಏಳು ತಿಂಗಳು ಇಸ್ತ್ರಿ ಮಾಡಿಸಿಕೊಂಡೇ ಇರಬೇಕು. ಮತ್ತೆ ಐದು ದಿನ ಆ ಗೇಟಿನ ಹತ್ತಿರ ನಿಲ್ಲುವುದನ್ನು ನೆನೆದರೆ, ವಿಚಿತ್ರವೆಂದರೆ, ಅವನಿಗೆ ಬೇಸರವೂ ಆಗಲಿಲ್ಲ. ಅಲ್ಲಿ ಬೆಳಿಗ್ಗೆ ಎದ್ದು ಮೂಗು ಒರೆಸಿಕೊಂಡರೆ ಕರವಸ್ತ್ರ ಬೆಳ್ಳಗೇ ಇರುತ್ತಿತ್ತು. ಯಾರೂ ಅವನನ್ನು ಏಕೆ ಬಂದಿರಿ ಎಂದು ಕೇಳಿರಲಿಲ್ಲ. ಕೇಳಿದ್ದರೆ ಇದನ್ನೇ ಬರೆಯುತ್ತಿದ್ದ.

ಒಳಗೆ ನಡೆದದ್ದನ್ನೆಲ್ಲ ಅವನು ಹೇಳಿದ. ದಾವಲಸಾಬರು ಚಹಾ ಕುಡಿಯುತ್ತ ಕೇಳಿದರು. ಹನ್ನೊಂದು ಅಸಲಿ ಜನ ಖೋಟಾ ಆದದ್ದು, ಖೋಟಾದವನೊಬ್ಬ ಅಸಲಿ ಆದದ್ದು, ದಸರೆಗೆ ಮೈಸೂರಿನವರು ಗೇಟಿನಲ್ಲಿ ಕಾಯುವುದು, ಎಲ್ಲವನ್ನೂ.

"ಅಂದ್ರ ದಸರಾಕ್ಕ ಹೋಗೂದು ಪಕ್ಕಾ ಆತು" ಎಂದರು ಕೊನೆಗೆ. "ನಾನು, ಅಸ್ಮಾ, ನೀವು, ಮನಿಯಾಗಿನ ಅಮ್ಮಾರು, ಸಿಂಧಮ್ಮಾರು. ಗಾಡಿ ನಂದಾ ಐತಿ. ಇವತ್ತಾ ಹೊಂಟ್ರ ದಸರಾಕ್ಕ ಮುಟ್ಟತೀವಿ."

"ಸಾಬ್ರೇ, ಅಲ್ಲಿ ತನಾಕಾ ಬೇಕು! ಜಪಾನಿನ ಮನುಷ್ಯ! ಎಲ್ಲಿಂದ ತರೂದು?"

ದಾವಲಸಾಬರು ಕಾರಿನ ಕನ್ನಡಿಯಲ್ಲಿ ತಮ್ಮ ಮುಖವನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ನೋಡಿಕೊಂಡರು. ಎದೆಯವರೆಗೆ ಇಳಿದ ಬಿಳಿಯ ಗಡ್ಡವನ್ನು ಕೈಯಲ್ಲಿ ಹಿಡಿದು ತೂಗಿದರು.

"ಮೇಷ್ಟ್ರೇ, ಜಪಾನಿನ ಮಂದಿ ಗಡ್ಡ ಬಿಡ್ತಾರೇನ್ರಿ?"